ಬಾಯಿ ನೋಡಿ ಆಳು ಹೇಳುವ ಭಾವ

ನಮ್ಮ ಭಾವ ಸಿನಿಮಾ ನೋಡುತ್ತಿದ್ದರು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಅವರು ಥಿಯೇಟರಿನಲ್ಲಿ ಕೂತು ಟಗರು ಆರಿಸುತ್ತಿದ್ದರು!

ಭಾವ ಎಂದರೆ ನನ್ನ ಅಕ್ಕನ ಗಂಡ. ತಮಿಳುನಾಡಿನ ಸೇಲಂ ಹತ್ತಿರ, ನಂಗವಳ್ಳಿ ಕಡೆ ಕುರಿ ಸಾಕಿಕೊಂಡಿದ್ದವರು. ಹೋದ ತಿಂಗಳು ತೀರಿಕೊಂಡರು. ಸಾವಿಗೆ ಬಂದವರೆಲ್ಲ ಅವರ ಸಿನಿಮಾ ಹುಚ್ಚಿನ ಮಾತೆತ್ತಿ, ನಗಬಾರದ ಜಾಗದಲ್ಲಿ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ, ಬರೆಯಲು ಕೂತೆ.

ತೊಂಬತ್ತರ ದಶಕದ ಮಾತು. ಇಂಗ್ಲಿಷಿನ ಒಬ್ಬ ವೀರನ ಚಿತ್ರಗಳು ತಮಿಳಿನಲ್ಲಿ ಮಾತಾಡಿಕೊಂಡು ಸೇಲಂಗೆ ಬರುತ್ತಿದ್ದವು. ತಲೆಯಿಂದ ಮೂಗಿನವರೆಗೆ ಕರಿ ಮುಸುಕು, ಬೆನ್ನಿಗೆ ಕರಿ ಹೊದಿಕೆ, ಊರು ಮಲಗಿದ ಮೇಲೆ ಎದ್ದು ಕಳ್ಳಕಾಕರನ್ನು ಹಿಡಿಯುವ ಕೆಲಸ. ಭಾವ ಅವನಿಗೆ 'ಕಂಬಳಿಯವನು' ಎಂದು ಹೆಸರಿಟ್ಟರು. ಕರಿಕಂಬಳಿ ಹೊದ್ದು ಇರುಳೆಲ್ಲ ಕಾವಲು ಕಾಯುವವನು ನಮ್ಮವನಲ್ಲದೆ ಮತ್ಯಾರು? ಆ ವಾದಕ್ಕೆ ನಮ್ಮ ಊರಿನಲ್ಲಿ ಎದುರಾಡುವವರಿರಲಿಲ್ಲ.

ಸಂತೆಯಲ್ಲಿ ಕುರಿ ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ವಯಸ್ಸು ಮಾತ್ರವಲ್ಲ, ಗುಣವೂ ಅಲ್ಲೇ ಇರುತ್ತದೆ ಎಂದು ಭಾವ ನಂಬಿದ್ದರು. ಕಂಬಳಿಯವನದೂ ಮುಸುಕಿನ ಹೊರಗೆ ಕಾಣುವುದು ಬಾಯಿ ಮತ್ತು ಗದ್ದ ಅಷ್ಟೇ. ಇನ್ನೇನು ಬೇಕು! ಮೊದಲ ಚಿತ್ರದವನದು ತುಟಿ ಬಿಗಿದ ಬಾಯಿ. ಮಾತು ಕಮ್ಮಿ, ಮಂದೆಯ ಮುಂದೆ ಬಿಟ್ಟರೆ ದಾರಿ ತಪ್ಪುವವನಲ್ಲ ಎಂದು ಅವನನ್ನು ಪಾಸು ಮಾಡಿದರು.

ಮುಂದೊಂದು ಚಿತ್ರಕ್ಕೆ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹೋದರು. ಕಂಬಳಿಯವನು ತೆರೆಗೆ ಬಂದು ಎರಡು ಮಾತಾಡುವುದರೊಳಗೆ ಭಾವ ಎದ್ದು ನಿಂತು, "ಆಳ ಮಾತ್ತಿಟ್ಟಾಂಗ" ಎಂದು ಇಡೀ ಥಿಯೇಟರಿಗೆ ತಮಿಳಿನಲ್ಲಿ ಸಾರಿದರು. ಆಳು ಬದಲಾಯಿಸಿಬಿಟ್ಟಿದ್ದಾರೆ ಎಂದು. ಹಿಂದಿನ ಸಾಲಿನವರು ಅಂಗಿ ಹಿಡಿದು ಜಗ್ಗಿ ಕೂರಿಸಿದರು. ಇಂಟರ್‌ವಲ್ಲಿನಲ್ಲಿ ಟಿಕೆಟ್ ಹರಿಯುವವನನ್ನು ಹಿಡಿದು ನ್ಯಾಯ ಕೇಳಿದರು. ಅದೇ ಡ್ರೆಸ್ಸು, ಅದೇ ಕಾರು, ನಿಮಗೇನು ನಷ್ಟ ಎಂದ ಅವನು. ಕಂಬಳಿ ಅದೇ ಆದ ಮಾತ್ರಕ್ಕೆ ಕುರಿ ಬೇರೆಯವನ ಹಿಂದೆ ಹೋಗುತ್ತದೆಯೇ ಎಂದರು ಇವರು. ಪಾಪ, ಆತ ಸೇಲಂ ಟೌನಿನವನು, ಅವನಿಗೇನು ಗೊತ್ತು!

ಅಕ್ಕನಿಗೆ ಮಾತ್ರ ಈ ಎರಡನೆಯವನೇ ಹಿಡಿಸಿದ. ಅವನು ಆಗಾಗ ತುಟಿಯಂಚಿನಲ್ಲಿ ನಗುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲೇ ಜಗಳ ಶುರುವಾಯಿತು.

"ನಗೋ ಟಗರ್ನ ಎಲ್ಲಾರ ಕಂಡಿದ್ದೀಯ?" ಎಂದರು ಭಾವ.

"ನಗ್ದೇ ಇರೋ ಟಗರಿನ ಜೊತೆ ಬಾಳ್ವೆ ಮಾಡ್ತಾ ಇವ್ನಿ, ನಂಗ್ ಗೊತ್ತು" ಎಂದಳು ಅಕ್ಕ.

ಬಸ್ಸಿನಲ್ಲಿ ಕನ್ನಡ ತಿಳಿದವರೆಲ್ಲ ನಕ್ಕರು. ಭಾವ ಕಿಟಕಿಯ ಕಡೆ ತಿರುಗಿ, ಊರು ಬರುವವರೆಗೂ ತುಟಿ ಬಿಗಿದು ಕೂತರು. ಥೇಟ್ ಮೊದಲನೆಯವನ ಹಾಗೆ.

ಮೂರನೆಯವನು ಬಂದಾಗ ಅಕ್ಕ ಸೇಲಂನಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಳು. ಮೊದಲು ಕಾಮಾಲೆ ಎಂದರು, ಆಮೇಲೆ ಏನನ್ನೂ ಹೇಳುವುದನ್ನೇ ಬಿಟ್ಟರು. ಅವಳ ಮಗಳಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ನೋಡಿಕೊಂಡು ಬಂದು ಕಥೆ ಹೇಳಿ ಎಂದು ಅಕ್ಕನೇ ಭಾವನನ್ನು ಬಲವಂತವಾಗಿ ಬೆಳಗಿನ ಆಟಕ್ಕೆ ಕಳಿಸಿದಳು. ಮಧ್ಯಾಹ್ನ ಬಂದವರು ವಾರ್ಡಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಮತ್ತೆ ಆಳು ಬದಲಾಯಿಸಿದ್ದಾರೆ, ಇವನ್ಯಾವನೋ ಬೇರೆ ಎಂದು ಗೊಣಗಿದರು. ಒಳಗೆ ಹೋದರು. ನನ್ನವನೇ ಇದ್ದಾನಾ ಎಂದು ಅಕ್ಕ ಕೇಳಿದಳು.

"ಅವ್ನೇ. ಈ ಸಲ ಇನ್ನೂ ಜಾಸ್ತಿ ನಗ್ತಾವ್ನೆ."

ಬಾಯಿಯ ವಿಷಯದಲ್ಲಿ ಭಾವ ಸುಳ್ಳು ಹೇಳಿದ್ದನ್ನು ನಾನು ಅದೊಂದು ಸಲ ಮಾತ್ರ ಕೇಳಿದ್ದೇನೆ. ಅಕ್ಕ ಜಗಳ ಗೆದ್ದವಳ ಹಾಗೆ ಕಣ್ಣು ಮುಚ್ಚಿಕೊಂಡು ಮಲಗಿದಳು. ಆ ವಾರವೇ ಹೋದಳು.

ತಿಥಿ ಮುಗಿದ ದಿನ ಹಿರಿಯರೆಲ್ಲ ಭಾವನ ಮನೆಯ ಜಗಲಿಯಲ್ಲಿ ಸೇರಿದರು. ನಮ್ಮಲ್ಲಿ ಅಕ್ಕ ಹೋದರೆ ಆ ಮನೆಗೆ ತಂಗಿಯನ್ನು ಕೊಡುವುದು ರೂಢಿ. ನಾನು ಪ್ಲಸ್ ಟೂ ಓದುತ್ತಿದ್ದೆ, ಪರೀಕ್ಷೆ ಹತ್ತಿರವಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಮಗುವಿನ ಮುಖ ನೋಡಿಕೊಂಡು ಬೇಡ ಎನ್ನಲು ನನ್ನಿಂದ ಆಗುತ್ತಿರಲಿಲ್ಲ. ಅಜ್ಜಿ ನನಗೆ ಅಕ್ಕನ ಹಸಿರು ಸೀರೆ ಉಡಿಸಿ, ಮಗುವನ್ನು ಸೊಂಟಕ್ಕೇರಿಸಿ, ಕೈಗೆ ಮಜ್ಜಿಗೆಯ ಚೊಂಬು ಕೊಟ್ಟು ಹೊರಗೆ ಕಳಿಸಿದಳು. ಭಾವ ಆ ಮಜ್ಜಿಗೆ ಕುಡಿದರೆ ಮಾತು ಮುಗಿದ ಹಾಗೆ.

"ನೋಡಪ್ಪ, ಅವ್ಳೇ ಎದ್ದು ಬಂದಂಗೈತೆ" ಎಂದರು ಭಾವನ ದೊಡ್ಡಪ್ಪ.

ಭಾವ ತಲೆಯೆತ್ತಿ ನನ್ನನ್ನು ನೋಡಿದರು. ಚೊಂಬು ಮುಟ್ಟಲಿಲ್ಲ.

"ಇಲ್ಲ ದೊಡ್ಡಪ್ಪ. ಸೀರೆ ಅವಳ್ದು, ಆಳು ಬ್ಯಾರೆ. ಇವ್ಳು ಓದ್ತಾವ್ಳೆ, ಓದ್ಲಿ. ಮಗೀನ ನಮ್ಮವ್ವ ಸಾಕ್ತಾಳೆ."

ಈ ಸಲ ಅವರನ್ನು ಅಂಗಿ ಹಿಡಿದು ಕೂರಿಸುವವರು ಯಾರೂ ಇರಲಿಲ್ಲ.

ನಾನು ಒಳಗೆ ಹೋಗಿ ನನ್ನ ಬಟ್ಟೆ ಹಾಕಿಕೊಂಡು, ಸೀರೆ ಮಡಚಿ ಹಿತ್ತಲಿಗೆ ಬಂದೆ. ಜೀವ ಹಗುರಾಗಿತ್ತು, ಹಗುರಾಯಿತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಭಾವ ಕುರಿದೊಡ್ಡಿಯ ಹತ್ತಿರ ಒಬ್ಬರೇ ನಿಂತಿದ್ದರು.

"ಬ್ಯಾಸ್ರ ಮಾಡ್ಕಬ್ಯಾಡ ಕನಮ್ಮಿ" ಎಂದರು. "ನೀನು ಕಮ್ಮಿ ಅಂತ ಬ್ಯಾಡ ಅಂದಿದ್ದಲ್ಲ. ನಿಮ್ಮಿಬ್ರುನ್ನ ನಾನು ಓಲ್ಸಿ ನೋಡ್ನಿಲ್ಲ."

ಕಂಡದ್ದನ್ನೆಲ್ಲ ಹೋಲಿಸಿ ನೋಡುತ್ತಿದ್ದ ಮನುಷ್ಯ!

ನಾನು ಸೀರೆ ಚಾಚಿದೆ. ಎರಡೂ ಕೈಯಲ್ಲಿ ತೆಗೆದುಕೊಂಡರು. ಮನೆಯ ಬಾಗಿಲವರೆಗೆ ಹೋದವರು ಅದನ್ನು ಹಿಡಿದುಕೊಂಡೇ ತಿರುಗಿ ಬಂದರು.

"ಇದ್ನ ಎಲ್ಲಿ ಇಕ್ತಿದ್ಲು?" ಎಂದು ಕೇಳಿದರು.

ನನಗೂ ಗೊತ್ತಿರಲಿಲ್ಲ.