ತೆರಕಣಾಂಬಿಯೆಂಬ ಮೊದಲ ರಾಜ್ಯ

ತನ್ನ ಊರಿನ ವಿಷಯ ತಿಳಿದವನನ್ನು ಯಾರೂ ಜಾಣನೆನ್ನುವುದಿಲ್ಲ. ದೂರದ ದೇಶದ ವಿಷಯ ತಿಳಿದವನನ್ನು ಮಾತ್ರ ಎಲ್ಲರೂ ಜಾಣನೆನ್ನುತ್ತಾರೆ. ಈ ರಹಸ್ಯವನ್ನು ನಾನು ನಿವೃತ್ತನಾದ ಮೇಲೆ ಕಂಡುಕೊಂಡೆ. ಚಾಮರಾಜನಗರದಲ್ಲಿ ಹುಟ್ಟಿ, ಇಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಅದೇ ಕಚೇರಿಯಲ್ಲಿ ಹಿರಿಯ ಗುಮಾಸ್ತನಾಗಿ ಹಾರ ಹಾಕಿಸಿಕೊಂಡು ಹೊರಬಿದ್ದವನು ನಾನು. ಉತ್ತರಕ್ಕೆ ಮೈಸೂರು, ಪಶ್ಚಿಮಕ್ಕೆ ಗೂಡಲೂರು, ಅದರಾಚೆಗೆ ಕಾಲಿಟ್ಟವನಲ್ಲ. ಆದರೆ ಅಮೆರಿಕದಲ್ಲಿ ಯಾವ ರಾಜ್ಯ ಮೊದಲು ಓಟು ಹಾಕುತ್ತದೆ, ಎಲ್ಲಿ ಹಿಮ ಬೀಳುವಾಗ ಓಟು ಹಾಕುತ್ತಾರೆ, ಅಲ್ಲಿನ ಜೋಳದ ರೈತರ ಮುಂದೆ ಯಾವ ಅಭ್ಯರ್ಥಿ ಹೇಗೆ ಹಲ್ಲು ಕಿರಿದ ಎಂಬುದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕ್ಷೌರದಂಗಡಿಯಲ್ಲಿ ನನಗೆ ಇದರಿಂದಾಗಿ ಸರದಿಯಿಲ್ಲದೆ ಕುರ್ಚಿ ಸಿಗುತ್ತದೆ. ನಮ್ಮ ವಾರ್ಡಿನ ಸದಸ್ಯ ಯಾರು ಎಂದು ಮನೆಯಾಕೆ ಕೇಳಿದಾಗ ಮಾತ್ರ ನಾನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತೇನೆ.

ಅಮೆರಿಕದ ಪದ್ಧತಿಯನ್ನು, ಪತ್ರಿಕೆಯ ಒಂದು ಲೇಖನ ಓದಿ ನನಗೆ ತಿಳಿದಷ್ಟು, ಹೇಳಿಬಿಡುತ್ತೇನೆ, ಏಕೆಂದರೆ ಅನಾಹುತವೆಲ್ಲ ಆದದ್ದು ಅದರಿಂದಲೇ. ಅಲ್ಲಿ ದೇಶಕ್ಕೆ ಅಧ್ಯಕ್ಷನಾಗಬೇಕಾದವನು ಮೊದಲು ತನ್ನ ಪಕ್ಷದವರನ್ನು ಗೆಲ್ಲಬೇಕು. ಅದಕ್ಕಾಗಿ ಒಂದೊಂದು ರಾಜ್ಯದಲ್ಲೂ ಪಕ್ಷದೊಳಗೆ ಒಂದು ಚುನಾವಣೆ. ಅದಕ್ಕೆ ಪ್ರೈಮರಿ ಎಂದು ಹೆಸರು. ಎಲ್ಲ ರಾಜ್ಯಗಳೂ ಅದನ್ನು ಒಂದೇ ದಿನ ಮುಗಿಸುವುದಿಲ್ಲ. ನಮ್ಮಲ್ಲಿ ಮದುವೆಯೂಟಕ್ಕೆ ಪಂಕ್ತಿ ಹಾಕಿದ ಹಾಗೆ ಒಂದಾದ ಮೇಲೊಂದು, ತಿಂಗಳುಗಟ್ಟಲೆ. ಮೊದಲ ಪಂಕ್ತಿಯಲ್ಲಿ ಕೂರುವವರು ಸಣ್ಣ ರಾಜ್ಯದವರು. ಅವರ ಓಟಿನಿಂದ ಯಾರೂ ಅಧ್ಯಕ್ಷರಾಗುವುದಿಲ್ಲ. ಆದರೆ ಅವರು ಎಲೆಯ ಮೇಲೆ ಏನನ್ನು ಬಿಟ್ಟೆದ್ದರು ಎಂದು ಎರಡನೆಯ ಪಂಕ್ತಿಗೆ ಕಾಯುತ್ತ ಹಿಂದೆ ನಿಂತವರು ನೋಡುತ್ತಿರುತ್ತಾರೆ. ಗೆದ್ದವನ ಹಿಂದೆ ಪತ್ರಿಕೆಯವರು ಓಡುತ್ತಾರೆ, ಶ್ರೀಮಂತರು ಓಡುತ್ತಾರೆ, ಕೊನೆಗೆ ಓಟುಗಳೂ ಓಡಿ ಬರುತ್ತವೆ. ಸೋತವನು ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ‘ನನ್ನ ಪ್ರಚಾರವನ್ನು ಇಲ್ಲಿಗೆ ಸ್ಥಗಿತಗೊಳಿಸಿದ್ದೇನೆ’ ಎಂದು ಗಂಭೀರವಾಗಿ ಓದಿ ಮನೆಗೆ ಹೋಗುತ್ತಾನೆ. ಒಂದೇ ಒಂದು ರಾಜ್ಯ ಇಡೀ ದೇಶದ ಮನಸ್ಸನ್ನು ಮೊದಲೇ ಹೇಳಿಬಿಡುತ್ತದೆ. ಇಂಥ ಅಚ್ಚುಕಟ್ಟಾದ ಏರ್ಪಾಡು ನಮ್ಮ ಜಿಲ್ಲೆಯಲ್ಲಿಲ್ಲವಲ್ಲ ಎಂದು ನಾನು ಬಹಳ ದಿನ ಕೊರಗಿದೆ. ಕೊರಗಿ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು.

ನಮ್ಮದೊಂದು ಪಿಂಚಣಿದಾರರ ಸಂಘವಿದೆ. ಅದರ ಕಚೇರಿ ಚಾಮರಾಜನಗರದ ಒಂದು ಕಟ್ಟಡದ ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಸದಸ್ಯರೆಲ್ಲ ಅರವತ್ತು ದಾಟಿದವರು. ಹೀಗಾಗಿ ಸಂಘದ ಅರ್ಧದಷ್ಟು ಸದಸ್ಯರು ಸಂಘದ ಒಳಗನ್ನು ನೋಡಿಯೇ ಇಲ್ಲ. ಕೆಳಗೆ ನಿಂತು ‘ಹಾಜರ್’ ಎಂದು ಕೂಗುತ್ತಾರೆ, ಮೇಲಿನಿಂದ ನಮ್ಮ ಕಾರ್ಯದರ್ಶಿ ರಾಚಪ್ಪ ಕಿಟಕಿಯಲ್ಲಿ ತಲೆ ಹಾಕಿ ‘ಆಯ್ತು’ ಎನ್ನುತ್ತಾನೆ. ಯಾರಾದರೂ ಸಹಿ ಹಾಕಬೇಕಾದರೆ ರಿಜಿಸ್ಟರನ್ನು ಎದೆಗವಚಿಕೊಂಡು ಅವನೇ ಇಳಿದು ಬರುತ್ತಾನೆ. ಹರದನಹಳ್ಳಿಯ ಈ ರಾಚಪ್ಪ ನನಗೆ ನಲವತ್ತು ವರ್ಷದ ಗೆಳೆಯ. ನನ್ನನ್ನು ಅವನು ಕರೆಯುವುದೇ ‘ಲೇ ಗುಮಾಸ್ತ’ ಎಂದು. ಸಂಘದ ಎಲ್ಲರ ಜೀವಿತ ಪ್ರಮಾಣಪತ್ರವನ್ನೂ, ಅಂದರೆ ನಾವು ಸತ್ತಿಲ್ಲವೆಂಬುದಕ್ಕೆ ವರ್ಷಕ್ಕೊಮ್ಮೆ ಕೊಡಬೇಕಾದ ಪುರಾವೆಯನ್ನು, ತುಂಬಿಸಿ ಕೊಡುವವನು ಅವನೇ. ಇಂಥವನು ಈ ಸಲ, ‘ಕೆಳಗಡೆ ಈರುಳ್ಳಿ ತುಂಬ್ತಿದ್ದ ರೂಮು ಖಾಲಿ ಬಿದ್ದದೆ ಕಣ್ಲಾ. ಕಚೇರಿನ ಅಲ್ಲಿಗೆ ಇಳುಸ್ಬೇಕು. ಅಧ್ಯಕ್ಷ ಆಗ್ದೆ ಅದು ನನ್ ಕೈಲಿ ಆಗದಿಲ್ಲ’ ಎಂದು ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಹಾಕಿದ. ಎದುರಾಳಿ ಗುರುಮಲ್ಲಪ್ಪನವರು, ಗುಂಡ್ಲುಪೇಟೆಯ ನಿವೃತ್ತ ಇಂಜಿನಿಯರು, ಸ್ವಂತ ಕಾರಿನವರು. ಮೆಟ್ಟಿಲು ಹತ್ತುವುದು ಹೃದಯಕ್ಕೆ ಒಳ್ಳೆಯದು ಎಂಬುದು ಅವರ ನಿಲುವು.

ನಾನು ರಾಚಪ್ಪನ ಪ್ರಧಾನ ರಾಜಕೀಯ ಸಲಹೆಗಾರನಾಗಿ ನನ್ನನ್ನು ನಾನೇ ನೇಮಿಸಿಕೊಂಡೆ. ಮೊದಲ ಸಭೆ ನಮ್ಮ ಮನೆಯ ಜಗಲಿಯ ಮೇಲೆ ನಡೆಯಿತು.

“ನೋಡು ರಾಚಪ್ಪ, ಊರೂರು ಸುತ್ತಿ ಮೊಪೆಡ್ಡು ಸವೆಸಬೇಡ. ಒಂದೇ ಊರಿಗೆ ಹೋಗೋಣ. ಅಲ್ಲಿ ಗೊತ್ತಾಗುತ್ತೆ.”

“ಯಾವ ಊರ್ಲಾ?”

“ತೆರಕಣಾಂಬಿ.”

“ತೆರಕಣಾಂಬಿಲಿ ಏನದೆ? ನಮ್ಮೋರು ಇಪ್ಪತ್ತೋ ಮೂವತ್ತೋ ಜನ ಇರ್‍ಬೋದು.”

“ಅದಕ್ಕೇ. ಸಣ್ಣ ರಾಜ್ಯವೇ ಸಂಕೇತ ಕೊಡೋದು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಇದೆ; ಎರಡು ಕಡೆಯ ಗಾಳಿಯೂ ಅಲ್ಲಿ ಬೀಸುತ್ತೆ. ತೆರಕಣಾಂಬಿ ಯಾರಿಗೋ, ಜಿಲ್ಲೆ ಅವರಿಗೆ.”

ಒಳಗಿನಿಂದ ಮನೆಯಾಕೆ, “ಅವರ ಪಾಡಿಗೆ ಅವರು ಗೆಲ್ತಾರೆ, ಸುಮ್ಮನೆ ಬುಡಿ ಅಂದ್ರೆ” ಎಂದಳು. ಅಮೆರಿಕದಲ್ಲಿ ಇಂಥ ಅಭಿಪ್ರಾಯಗಳನ್ನು ಸಲಹೆಗಾರರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಭಾನುವಾರ ನಾವು ಬಸ್ಸಿಳಿದಾಗ ನನ್ನ ಅದೃಷ್ಟಕ್ಕೆ ಗುರುಮಲ್ಲಪ್ಪನವರ ಕಾರು ಆಗಲೇ ಅಲ್ಲಿ ನಿಂತಿತ್ತು. ಒಂದೇ ದಿನ, ಒಂದೇ ಜಾಗ, ಇಬ್ಬರು ಅಭ್ಯರ್ಥಿಗಳು! ಇದಕ್ಕಿಂತ ಶುದ್ಧವಾದ ಪ್ರೈಮರಿ ಅಮೆರಿಕದವರಿಗೂ ಸಿಕ್ಕಿರಲಾರದು. ಸೇರಿದ್ದು ನಿವೃತ್ತ ಕಂಡಕ್ಟರ್ ಮಾದಯ್ಯನ ಮನೆಯ ಮುಂದೆ. ಗುರುಮಲ್ಲಪ್ಪನವರಿಗೆ ಒಳಗಿನಿಂದ ಮರದ ಕುರ್ಚಿ ಬಂತು, ಅದನ್ನು ಟವೆಲಿನಿಂದ ಒರೆಸಲಾಯಿತು. ಹೊಲದಿಂದ ಅಂದೇ ಕಿತ್ತ ಚೆಂಡುಹೂವಿನ ಹಾರ ಬಿತ್ತು. ಲೋಟ ಬಟ್ಟಲು ಸಮೇತ ಕಾಫಿ ಬಂತು, ಸಕ್ಕರೆ ಬೇರೆ. “ತಾವು ನಮ್ಮೂರ್‍ಗಂಟ ಬಂದಿದ್ದೇ ದೊಡ್ದು ಬುದ್ಧಿ” ಎಂದು ಮಾದಯ್ಯ ಕೈಮುಗಿದ. ಎಲ್ಲರೂ ಮೌನವಾಗಿ ಅವರ ಭಾಷಣ ಕೇಳಿದರು. ಒಂದು ಪ್ರಶ್ನೆಯಿಲ್ಲ, ಒಂದು ಗೊಣಗಾಟವಿಲ್ಲ. ಬೇಲಿಯ ಪಕ್ಕದಲ್ಲಿ ನಿಂತು ನಾನು ಎಲ್ಲವನ್ನೂ ಕಿಸೆ ಪುಸ್ತಕದಲ್ಲಿ ದಾಖಲಿಸಿದೆ.

ಕಾರು ಹೊರಟ ಮೇಲೆ ನಮ್ಮ ಸರದಿ. ಮರದ ಕುರ್ಚಿ ಒಳಗೆ ಹೋಗಿಬಿಟ್ಟಿತ್ತು. ರಾಚಪ್ಪ ಜಗಲಿಯ ತುದಿಯಲ್ಲಿ ಕುಂಡೆ ಊರಿದ್ದನೋ ಇಲ್ಲವೋ, ನಿವೃತ್ತ ಶಿಕ್ಷಕಿ ನಿಂಗಮ್ಮನವರು ಶುರು ಮಾಡಿದರು. ಆಕೆ ನಮಗಿಂತ ಹಿರಿಯರು, ದೊಡ್ಡ ಗಂಟಲಿನವರು.

“ಬಂದ್ಯಾ? ಈಗ ಗ್ಯಾನ ಬಂತಾ ತೆರಕಣಾಂಬಿ? ನನ್ ತಮ್ಮನ ಮಗಳ ಮದ್ವೆಗೆ ಯಾಕ್ಲಾ ಬರ್‍ನಿಲ್ಲ?”

“ಅವತ್ತು ಜ್ವರ ಕಣವ್ವ…”

“ಜ್ವರವಂತೆ! ಜ್ವರ ಬಂದ್ರೆ ಓಳಿಗೆ ತಿನ್ನಕಾಗದಿಲ್ವಾ?”

ಮಾದಯ್ಯ ಸೇರಿಕೊಂಡ. “ಓದ್ವರ್ಸ ನನ್ ಫಾರಂಗೆ ಇನ್ಯಾರ್‍ದೋ ಪೋಟೋ ಅಂಟ್ಸ್‌ಬುಟ್ಟಿದ್ದಲ್ಲ, ಬ್ಯಾಂಕ್ನೋರು ನನ್ನೇ ನೋಡ್ಬುಟ್ಟು ನೀನ್ಯಾರಯ್ಯ ಅಂದ್ರು. ಬದ್ಕಿರೋ ನನ್ನ ಸಾಯ್ಸ್‌ಬುಟ್ಟೆ ಕಣ್ಲಾ ನೀನು!”

ಜನ ನಕ್ಕರು. ಇನ್ನೊಬ್ಬರು ಅವನ ಮೊಪೆಡ್ಡನ್ನು, ಮತ್ತೊಬ್ಬರು ಅವನ ಹೊಟ್ಟೆಯನ್ನು ವಿಚಾರಿಸಿಕೊಂಡರು. ಒಂದೂವರೆ ಗಂಟೆ ಈ ವಿಚಾರಣೆ ನಡೆಯಿತು. ರಾಚಪ್ಪ ಅದರ ನಡುವೆಯೇ ಮೂವರ ಫಾರಂ ತುಂಬಿಸಿದ. ಕೊನೆಗೆ ಗಂಟಲೊಣಗಿ, “ಒಂಚೂರು ಕಾಪಿ ಕೊಡಿ” ಎಂದರೆ ನಿಂಗಮ್ಮನವರು, “ನಿಂಗ್ಯಾರು ಕಾಪಿ ಕಾಯ್ಸರು? ಬೇಕಾರೆ ಒಳಕ್ಕೋಗಿ ಕಾಯ್ಸ್ಕೊ, ಓಗು. ನಂಗೂ ಒಂದ್ ಲೋಟ ತತ್ತಾ” ಎಂದರು. ಅಭ್ಯರ್ಥಿಯೇ ಮತದಾರರ ಅಡುಗೆಮನೆಗೆ ಹೋಗಿ ಕಾಫಿ ಕಾಸಿ ಹಂಚಿದ. ನನ್ನ ಪುಸ್ತಕದಲ್ಲಿ ನಾನು ದಪ್ಪಕ್ಷರದಲ್ಲಿ ಬರೆದೆ: ಹಾರ ಇಲ್ಲ. ಕುರ್ಚಿ ಇಲ್ಲ. ಕಾಫಿ ಇಲ್ಲ. ಬಹುವಚನ ಇಲ್ಲ.

ವಾಪಸು ಬಸ್ಸಿನಲ್ಲಿ ನಾನು ಬಹಳ ಮೃದುವಾಗಿ ಮಾತು ತೆಗೆದೆ. ವೈದ್ಯರು ರೋಗಿಯ ಕಡೆಯವರೊಡನೆ ಮಾತನಾಡುತ್ತಾರಲ್ಲ, ಆ ಧ್ವನಿಯಲ್ಲಿ.

“ರಾಚಪ್ಪ, ಸಂಕೇತ ಸ್ಪಷ್ಟವಾಗಿದೆ. ವಾಪಸು ತಗೊಂಡುಬಿಡು.”

“ಅವರು ಯಾವಾಗ್ಲೂ ಅಂಗೇ ಕಣ್ಲಾ.”

“ಇದು ಮಮಕಾರದ ಮಾತು. ಅಮೆರಿಕದಲ್ಲಿ ಮೊದಲ ರಾಜ್ಯದಲ್ಲಿ ಹೀಗಾದ ಮೇಲೆ ಮರ್ಯಾದಸ್ಥರು ಮುಂದುವರಿಯೋದಿಲ್ಲ. ನೂರಾರು ಜನದ ಮುಂದೆ ಸೋತು ಬರೋದಕ್ಕಿಂತ ಘನತೆಯಿಂದ ಹಿಂದೆ ಸರಿಯೋದು ಮೇಲು.”

ಅವನು ಕಿಟಕಿಯಾಚೆ ನೋಡುತ್ತ ಕೂತ. ಹೊರಗೆ ಚೆಂಡುಹೂವಿನ ಹೊಲಗಳು ಹಳದಿಯಾಗಿ ಹಿಂದೆ ಸರಿಯುತ್ತಿದ್ದವು. “ಆ ಮೆಟ್ಲು ಇದಾವಲ್ಲ…” ಎಂದ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. ಹೆಗಲ ಮೇಲೆ ಕೈಯಿಡುವುದನ್ನು ನಾನು ಕಲಿತದ್ದೂ ಪತ್ರಿಕೆಯ ಚಿತ್ರ ನೋಡಿಯೇ.

ಹೇಳಿಕೆಯನ್ನು ನಾನೇ ಬರೆದೆ: ‘ಸಂಘದ ವಿಶಾಲ ಹಿತದೃಷ್ಟಿಯಿಂದ’ ಎಂದು ಆರಂಭವಾಗುವ, ಮೂರು ಪ್ಯಾರಾಗಳ, ಕಣ್ಣೀರು ತರಿಸುವಂಥ ಹೇಳಿಕೆ. ಪಕ್ಕದಲ್ಲಿ ನಿಲ್ಲಲು ಅವನ ಹೆಂಡತಿಯನ್ನು ಕರೆದೆವು. “ನಂಗೆ ರಾಗಿ ಬೀಸ್ಸದದೆ, ನೀವೇ ನಿಂತ್ಕಳಿ” ಎಂದು ಆಕೆ ಮಿಲ್ಲಿಗೆ ಹೋದರು. ಹೀಗಾಗಿ ಪಕ್ಕದಲ್ಲಿ ನಾನೇ ನಿಂತೆ. ರಾಚಪ್ಪ ಓದಲಿಲ್ಲ, ಸಹಿ ಹಾಕಿ ಮಡಚಿ ಕೊಟ್ಟ. ಗುರುಮಲ್ಲಪ್ಪನವರು ಅವಿರೋಧವಾಗಿ ಆಯ್ಕೆಯಾದರು.

ಮಹಾಸಭೆಯ ದಿನ ತೆರಕಣಾಂಬಿಯಿಂದ ಒಂದು ಟೆಂಪೋ ಬಂತು. ಅದರಿಂದ ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಇಳಿಸುವುದಕ್ಕೆ ಕಾಲು ಗಂಟೆ ಹಿಡಿಯಿತು. ಊರಿನ ಅಷ್ಟೂ ಪಿಂಚಣಿದಾರರು ಬಂದಿದ್ದರು, ಊರುಗೋಲು ಸಮೇತ. ಮೆಟ್ಟಿಲ ಬುಡದಲ್ಲಿ ನಿಂತು ನಿಂಗಮ್ಮನವರು ಮೇಲಕ್ಕೆ ಕೂಗಿದರು.

“ರಾಚ ಎಲ್ಲವ್ನೆ? ಓಟಿನ ಚೀಟಿನ ಕೆಳಕ್ಕೆ ತರಕ್ಕೇಳಿ, ನಮಗೆ ಅತ್ತಕಾಗದಿಲ್ಲ.”

ನಾನೇ ಇಳಿದು ಹೋಗಿ ವಿಷಯ ತಿಳಿಸಿದೆ. ಓಟಿಲ್ಲ, ರಾಚಪ್ಪ ಹಿಂದೆ ಸರಿದಿದ್ದಾನೆ, ಕಾರಣ ತೆರಕಣಾಂಬಿಯ ಜನಾಭಿಪ್ರಾಯ ಎಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನಮ್ ಅಭಿಪ್ರಾಯ ನಿಂಗ್ಯಾರು ಯೋಳಿದ್ರು?”

“ಅವತ್ತು ಅಷ್ಟೊಂದು ಬೈದಿರಲ್ಲ, ಮೇಡಂ…”

“ಬಯ್ದೋ. ನಮ್ಮೋನ್ಗಲ್ದೆ ಬ್ಯಾರೆಯೋರ್‍ಗೆ ಬಯ್ಯಕಾದದಾ? ಆ ಇಂಜಿನಿಯರ್‍ಗೆ ಬಯ್ಯಕೆ ಅವರೇನು ನಮ್ ನೆಂಟ್ರಾ? ಮನೆ ಬಾಗ್ಲಿಗೆ ಬಂದ್ರು, ಹಾರ ಹಾಕಿ ಕಾಪಿ ಕೊಟ್ಟು ಕಳುಸ್ದೋ.”

ಮಾದಯ್ಯ ತಲೆ ಅಲ್ಲಾಡಿಸಿದ. “ಗುಂಡ್ಲುಪೇಟೆಯೋರೂ ಪೋನ್ ಮಾಡಿ ಕೇಳಿದ್ರು ಕಣಪ್ಪ, ನೀವ್ಯಾರಿಗೆ ಅಂತ. ರಾಚಂಗೆ ಅಂದೋ. ಅಂಗಾರೆ ನಮ್ದೂ ಅವನ್ಗೇ ಅಂದ್ರು.”

ಅಂದರೆ, ಓದುಗರು ದಯವಿಟ್ಟು ಗಮನಿಸಬೇಕು, ನನ್ನ ಸಿದ್ಧಾಂತ ಅಕ್ಷರಶಃ ನಿಜವಾಗಿತ್ತು. ತೆರಕಣಾಂಬಿಯೇ ಜಿಲ್ಲೆಯ ಸಂಕೇತವಾಗಿತ್ತು. ಸಂಕೇತ ಬಂದಿತ್ತು, ಅದನ್ನು ಓದಿದವನು ಮಾತ್ರ ನಾನಾಗಿದ್ದೆ. ಬೈಗುಳವೇ ಓಟು, ಕಾಫಿಯೇ ನಿರಾಕರಣೆ ಎಂಬ ಈ ಭಾಗದ ನಿಯಮ ನನಗೆ ತಿಳಿದಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ತಿಳಿಯದೆ? ಆದರೆ ಅದು ಊರಿನ ವಿಷಯವಾದ್ದರಿಂದ ಅದನ್ನು ನಾನು ಜ್ಞಾನವೆಂದು ಎಣಿಸಿರಲಿಲ್ಲ. ಆಮೇಲೆ ಹಳೆಯ ಪತ್ರಿಕೆಯನ್ನು ಹುಡುಕಿ ಲೇಖನದ ಉಳಿದ ಭಾಗವನ್ನೂ ಓದಿದೆ. ಮೊದಲ ರಾಜ್ಯಗಳಲ್ಲಿ ಮಣ್ಣು ಮುಕ್ಕಿದವರು ದಕ್ಷಿಣದ ಯಾವುದೋ ಒಂದು ರಾಜ್ಯದಲ್ಲಿ ಎದ್ದು ನಿಂತು ಕೊನೆಗೆ ಗೆದ್ದದ್ದೂ ಉಂಟಂತೆ. ಯಾವ ರಾಜ್ಯದ ಜನ ಎಂಥವರೆಂದು ತಿಳಿಯದೆ ಫಲಿತಾಂಶ ಓದಬಾರದಂತೆ. ಇದನ್ನು ಅವರು ಮೊದಲ ಪುಟದಲ್ಲೇ ಹಾಕಬೇಕಿತ್ತು.

ಅಂದು ಸಭೆಯಲ್ಲಿ ಹೊಸ ಅಧ್ಯಕ್ಷರು ನನಗೊಂದು ಶಾಲು ಹೊದಿಸಿದರು. ಸಂಘದಲ್ಲಿ ಒಗ್ಗಟ್ಟು ಮೂಡಿಸಿದ ಮುತ್ಸದ್ದಿ ಎಂದರು. ತೆರಕಣಾಂಬಿಯವರು ಕೆಳಗಡೆ ನಿಂತು ‘ಹಾಜರ್’ ಎಂದು ಕೂಗಿ ಟೆಂಪೋ ಹತ್ತಿದರು. ಕಿಟಕಿಯಲ್ಲಿ ರಾಚಪ್ಪನ ತಲೆ ಇರಲಿಲ್ಲ. ಅವನು ಸಭೆಗೇ ಬಂದಿರಲಿಲ್ಲ. ಮನೆಯಾಕೆ ಶಾಲನ್ನು ನೋಡಿದಳು. ಅದನ್ನು ಟ್ರಂಕಿನ ತಳಕ್ಕೆ ಹಾಕಿ, “ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹರದನಹಳ್ಳಿಗೆ ಹೋಗಿ. ಹೋಗಿ ಬೈಸಿಕೊಂಡು ಬನ್ನಿ” ಎಂದಳು.

ಹೋದೆ. ದಾರಿಯುದ್ದಕ್ಕೂ ಅವನು ಏನೇನು ಬೈಯಬಹುದೆಂದು ಅನುಕ್ರಮವಾಗಿ ಜೋಡಿಸಿಕೊಂಡೆ. ‘ಲೇ ಗುಮಾಸ್ತ’ ಎಂದು ಶುರುವಾಗಿ ನನ್ನ ಕನ್ನಡಕ, ನನ್ನ ಪತ್ರಿಕೆ, ನನ್ನ ಅಮೆರಿಕ ಎಲ್ಲವನ್ನೂ ಸುತ್ತಿ ಬರುವ, ಕಡಿಮೆಯೆಂದರೂ ಅರ್ಧ ಗಂಟೆಯ ಬೈಗುಳ. ಒಂದು ಮಾತಿಗೂ ಎದುರಾಡಬಾರದೆಂದು ನಿಶ್ಚಯಿಸಿಕೊಂಡು ಬಾಗಿಲು ತಟ್ಟಿದೆ.

ರಾಚಪ್ಪ ಬಾಗಿಲು ತೆರೆದ. ನನ್ನನ್ನು ನೋಡಿ ಹೆಗಲಿನ ಟವೆಲು ತೆಗೆದ.

“ಬನ್ನಿ ಸಾರ್, ಬನ್ನಿ. ತಾವು ಇಲ್ಲಿಗಂಟ ಬಂದಿದ್ದು ಬಾಳ ಸಂತೋಸ.”

ಆ ಟವೆಲಿನಿಂದಲೇ ಕುರ್ಚಿ ಒರೆಸಿ ಹಾಕಿದ. ನಾನು ಕೂರಲಿಲ್ಲ. “ರಾಚಪ್ಪ, ಒಂದೇ ಒಂದು ಸಲ ಬೈದುಬುಡು ಕಣಪ್ಪ” ಎಂದೆ. ನನ್ನ ಬಾಯಿಂದ ಊರಿನ ಮಾತು ತಾನಾಗಿ ಬಂತು.

“ಅಯ್ಯೋ, ಉಂಟಾ ಸಾರ್? ತಾವು ದೊಡ್ಡೋರು” ಎಂದು ಒಳಗೆ ತಿರುಗಿ, “ಸಾರ್‌ಗೆ ಒಂದೊಳ್ಳೆ ಕಾಪಿ ಮಾಡಮ್ಮಿ” ಎಂದ.

ಕಾಫಿ ಬಂತು. ಲೋಟ, ಬಟ್ಟಲು, ಸಕ್ಕರೆ ಬೇರೆ. ಉಳಿದ ರಾಜ್ಯಗಳ ಫಲಿತಾಂಶಕ್ಕೆ ಕಾಯುವ ಅಗತ್ಯವಿರಲಿಲ್ಲ.

“ಸಕ್ರೆ ಸಾಕಾ ಸಾರ್?” ಎಂದು ಕೇಳಿದ.

ಸಾಕು ಎಂದೆ.