ಎ ಗುಂಪಿನ ಹಿಂಬದಿ ಸೀಟು

ಸವದತ್ತಿಯಿಂದ ರಾಮದುರ್ಗಕ್ಕೆಂದು ಹೊರಟ ನಮ್ಮ ಬೈಪಾಸ್ ರಸ್ತೆಯು ರಾಮದುರ್ಗಕ್ಕೆ ಹೋಗುವುದಿಲ್ಲ. ಇದು ಸತ್ಯ ಸಂಗತಿ, ಮತ್ತು ಇದರಲ್ಲಿ ಯಾರ ತಪ್ಪೂ ಇಲ್ಲ. ಸಿರಸಂಗಿ ದಾಟಿದ ಮೇಲೆ ಪ್ರಮುಖರೊಬ್ಬರ ಹೊಲ ಅಡ್ಡ ಬಂತು, ರಸ್ತೆ ಎಡಕ್ಕೆ ತಿರುಗಿತು. ಅಲ್ಲಿ ಅವರ ಬೀಗರ ಹೊಲ ಇತ್ತು, ಮತ್ತೆ ಎಡಕ್ಕೆ ತಿರುಗಿತು. ಬೀಗರಿಗೂ ಬೀಗರಿದ್ದರು. ಹೀಗೆ ಎಲ್ಲರ ಮನಸ್ಸು ಕಾಯುತ್ತ ಹೋದ ರಸ್ತೆ ಕೊನೆಗೆ ತಾನು ಹೊರಟ ಜಾಗಕ್ಕೇ ಬಂದು ಸೇರಿತು. ಉದ್ಘಾಟನೆಯ ದಿನ ಮುಂದಿನ ಗಾಡಿಯವರು ರಾಮದುರ್ಗ ಬಂತೆಂದು ಇಳಿದು ನೋಡಿದರೆ, ತಾವೇ ಕತ್ತರಿಸಿದ ರಿಬ್ಬನ್ನು ಕಾಲಡಿಯಲ್ಲಿ ಬಿದ್ದಿತ್ತು. ಡಾಂಬರು ಮಾತ್ರ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದರು.

ತಿರುವು ಬಹಳ ಇದ್ದು, ಹೋಗಲು ಊರಿಲ್ಲದ ರಸ್ತೆಗೆ ರೇಸ್ ಟ್ರ್ಯಾಕ್ ಎನ್ನುತ್ತಾರೆ ಎಂದು ಯಾರೋ ತಿಳಿದವರು ಹೇಳಿದರು. ಕೂಡಲೇ ಅದನ್ನು ನೋಡಿಕೊಳ್ಳಲು 'ನಾಲ್ಕು ತಾಲೂಕುಗಳ ದ್ವಿಚಕ್ರ ಸುರಕ್ಷತಾ ಮಂಡಳಿ' ಹುಟ್ಟಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇವು ನಾಲ್ಕಕ್ಕೂ ಸೇರಿ ಬೈಲಹೊಂಗಲದಲ್ಲಿ ನಮ್ಮದೊಂದೇ ಕಚೇರಿ. ಅಲ್ಲಿ ಗುಮಾಸ್ತ ನಾನು, ಹೆಸರು ಅಂದಾನೆಪ್ಪ. ನಿಯಮಗಳನ್ನು ಬರೆಯುವುದು ನನ್ನ ಕೆಲಸ, ಪಾಲಿಸುವುದು ಉಳಿದವರದು.

ಮಂಡಳಿಯು ತನ್ನ ಮೊದಲ ಟ್ರ್ಯಾಕ್ ಡೇ ನಡೆಸಲು ತೀರ್ಮಾನಿಸಿತು. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಬೈಕಿನವರು ಚರ್ಮದ ಉಡುಪು, ಹೆಲ್ಮೆಟ್ ಹಾಕಿಕೊಂಡು ಬಂದು, ಬೀದಿಯಲ್ಲಿ ಮಾಡಬಾರದ್ದನ್ನು ಮಾಡಬಹುದಾದ ಜಾಗದಲ್ಲಿ ಮಾಡಿ, ನಾಲ್ಕು ವಿದ್ಯೆ ಕಲಿತು, ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಹೋಗುವ ದಿನ. ಇದಕ್ಕೆ ಬೆಳಗಾವಿಯಿಂದ ಸಂದೀಪ ಎಂಬ ತರಬೇತುದಾರನನ್ನು ಗೊತ್ತು ಮಾಡಿದೆವು. ಅವನು ಮುಂಚಿತವಾಗಿಯೇ ಬರೆದು ತಿಳಿಸಿದ: ಸವಾರರನ್ನು ಎ, ಬಿ, ಸಿ ಎಂದು ಗುಂಪು ಮಾಡಿರಿ, ಗುಂಪಿಗೊಂದು ಸರದಿ ಕೊಡಿರಿ, ಬೆರೆಸಬೇಡಿರಿ, ಬೆರೆಸಿದರೆ ಅಪಘಾತ ತಪ್ಪಿದ್ದಲ್ಲ. ಎ ಗುಂಪಿಗೆ ಯಾರು, ಸಿ ಗುಂಪಿಗೆ ಯಾರು ಎಂದು ಅವನು ಬರೆಯಲಿಲ್ಲ. ಎಲ್ಲರಿಗೂ ಗೊತ್ತಿರುವ ಮಾತು ಅಂದುಕೊಂಡಿದ್ದ. ನಮಗೂ ಗೊತ್ತಿತ್ತು.

ನಮ್ಮ ಕಾರ್ಯನಿರ್ವಾಹಕ ಅಧಿಕಾರಿ ಸುಭಾಸ ಸಾಹೇಬರು ಅದನ್ನು ಓದಿ ಬಹಳ ಸಂತೋಷಪಟ್ಟರು. ಖಾಸಗಿಯವನಾದರೂ ಸರ್ಕಾರಿ ಸೇವಾ ನಿಯಮಗಳ ಮೇಲೆ ಹುಡುಗನಿಗೆ ಎಷ್ಟು ಗೌರವ ಇದೆ ನೋಡು ಅಂದರು. ಗ್ರೂಪ್ ಎ ಎಂದರೆ ದೊಡ್ಡ ಅಧಿಕಾರಿಗಳು, ಬಿ ಎಂದರೆ ಅವರ ಕೈಕೆಳಗಿನವರು, ಸಿ ಎಂದರೆ ನನ್ನಂಥ ಗುಮಾಸ್ತರು. ಸಿಪಾಯಿಗಳ ಡಿ ಗ್ರೂಪನ್ನು ಸಂದೀಪ ಮರೆತಿದ್ದ, ಅದನ್ನು ನಾವೇ ಸೇರಿಸಿದೆವು. ಸಾರ್ವಜನಿಕರಿಗೆ ದರ್ಜೆ ಇರುವುದಿಲ್ಲವಾದ್ದರಿಂದ ಅವರಿಗೆ ತತ್ಸಮಾನ ದರ್ಜೆ ನಿಗದಿಪಡಿಸಲಾಯಿತು. ಗುತ್ತಿಗೆದಾರರು ಬಿ, ಅಡತಿ ಅಂಗಡಿಯವರು ಸಿ. ಸ್ವಂತ ರೇಸ್ ಬೈಕ್ ಇಟ್ಟುಕೊಂಡಿದ್ದ ರಾಮದುರ್ಗದ ಹುಡುಗರು ಡಿ ಗುಂಪಿಗೆ ಬಂದರು.

ಆಮೇಲೆ ನಾನು ಸುರಕ್ಷತಾ ನಿಯಮಗಳನ್ನು ಬರೆದೆ. ಅವುಗಳಲ್ಲಿ ಎರಡರ ಬಗ್ಗೆ ನನಗೆ ಈಗಲೂ ಅಭಿಮಾನವಿದೆ. ಒಂದು, "ಕಿರಿಯ ದರ್ಜೆಯವರು ಹಿರಿಯ ದರ್ಜೆಯವರನ್ನು ಟ್ರ್ಯಾಕಿನ ಮೇಲಾಗಲಿ ಹೊರಗಾಗಲಿ ಹಿಂದಕ್ಕೆ ಹಾಕತಕ್ಕದ್ದಲ್ಲ, ಒಂದೇ ದರ್ಜೆಯವರಾದಲ್ಲಿ ಸೇವಾ ಜ್ಯೇಷ್ಠತೆ ನೋಡತಕ್ಕದ್ದು." ಇನ್ನೊಂದು, "ಎ ಗುಂಪಿನ ಸರದಿಯಲ್ಲಿ ಟ್ರ್ಯಾಕಿಗೆ ಇಳಿಯುವ ಪ್ರತಿ ವಾಹನದ ಮೇಲೆ ಗ್ರೂಪ್ ಎ ಅಧಿಕಾರಿಯೊಬ್ಬರು ಆಸೀನರಾಗಿರತಕ್ಕದ್ದು."

ಎಲ್ಲವೂ ಸುಸೂತ್ರವಾಗಿತ್ತು, ಶೀತಲ ಬಂದು ಕೇಳುವ ತನಕ.

ಶೀತಲ ಸುರೇಬಾನದ ಹುಡುಗಿ. ನಮ್ಮ ಕಚೇರಿಯ ಟಪಾಲನ್ನು ಹಳೆಯ ಬೈಕಿನ ಮೇಲೆ ನಾಲ್ಕೂ ತಾಲೂಕಿಗೆ ಮುಟ್ಟಿಸುತ್ತಾಳೆ. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿ ಕಡೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ ನುಸುಳಿ, ಟಪಾಲಿನ ಜೊತೆ ತಾನೂ ವಾಪಸು ಬರುತ್ತಾಳೆ. ಬೈಕ್ ಓಡಿಸುವುದರಲ್ಲಿ ತನ್ನಂಥವರು ಜಿಲ್ಲೆಯಲ್ಲಿಲ್ಲ ಎಂಬುದು ಅವಳ ಅಭಿಪ್ರಾಯ, ಅದನ್ನು ಯಾರೂ ಕೇಳದಿದ್ದರೂ ಹೇಳುತ್ತಾಳೆ. ಸಂದೀಪ ಒಂದು ಆಸೆ ಹಚ್ಚಿದ್ದ: ಎ ಗುಂಪಿನಲ್ಲಿ ಎಲ್ಲರಿಗಿಂತ ವೇಗವಾಗಿ ಒಂದು ಸುತ್ತು ಹಾಕಿದವರಿಗೆ ಕೊಯಮತ್ತೂರಿನ ರೇಸ್ ಶಾಲೆಯೊಂದರಲ್ಲಿ ಪುಕ್ಕಟೆ ತರಬೇತಿ. ಮುಂದಿನ ವರ್ಷಕ್ಕೆ ಶೀತಲಳ ವಯಸ್ಸು ಆ ಶಾಲೆಯ ಮಿತಿ ದಾಟುತ್ತಿತ್ತು. ಅವಳಿಗೆ ಇದ್ದದ್ದು ಇದೊಂದೇ ಅವಕಾಶ.

"ಸರ್ರ, ನಾ ಯಾವ ಗ್ರೂಪಿಗೆ ಬರತೇನ್ರಿ?" ಎಂದು ಕೇಳಿದಳು.

"ನೀ ಹೊರಗುತ್ತಿಗಿ ಆಳ ಅಲ್ಲೇನವಾ? ಯಾವ ಗ್ರೂಪಿಗೂ ಬರೂದಿಲ್ಲ. ಅದಕ್ಕ ಹೊರಗುತ್ತಿಗಿ ಅನ್ನೂದು," ಎಂದೆ.

ದರ್ಜೆ ಇಲ್ಲದವರಿಗೆ ಏನಾದರೂ ಕೊಡಬೇಕಲ್ಲ ಎಂದು ಅವಳಿಗೆ ಹಳದಿ ಬಾವುಟ ಕೊಟ್ಟು ಮೂರನೇ ತಿರುವಿನಲ್ಲಿ ನಿಲ್ಲಿಸಲು ಸಾಹೇಬರು ಆದೇಶಿಸಿದರು. ಅಪಾಯ ಕಂಡರೆ ಬೀಸಬೇಕು. ಅವಳು ಬಾವುಟ ತೆಗೆದುಕೊಂಡಳು, ಆದರೆ ನನ್ನನ್ನು ನೋಡಿದ ರೀತಿ ಸರಿ ಇರಲಿಲ್ಲ. ನನಗೂ ಒಳಗೊಳಗೆ ಕೆಟ್ಟದೆನಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ನಾನೇ ಆಗಿದ್ದೆ.

ಟ್ರ್ಯಾಕ್ ಡೇ ಬಂತು. ಸಂದೀಪ ಮೊದಲು ಎಲ್ಲರ ಕನ್ನಡಿಗಳಿಗೆ ಟೇಪು ಅಂಟಿಸಿದ. ಟ್ರ್ಯಾಕಿನ ಮೇಲೆ ಹಿಂದೆ ಯಾರಿದ್ದಾರೆಂದು ನೋಡಬಾರದು, ಮುಂದಷ್ಟೇ ನೋಡಬೇಕು ಎಂದು ತಿಳಿಸಿ ಹೇಳಿದ. ಎ ಗುಂಪಿನವರು ಇದನ್ನು ಮನಸಾರೆ ಒಪ್ಪಿದರು, ಅವರಿಗೆ ಅದು ಮೊದಲಿನಿಂದಲೂ ರೂಢಿ. ಸುಭಾಸ ಸಾಹೇಬರು ಹೆಂಡತಿಯ ಸ್ಕೂಟಿಯ ಮೇಲೆ ಮುಂದೆ ಹೊರಟರು. ಅವರ ಹಿಂದೆ ಪಶುವೈದ್ಯ ಅಮೋಘಸಿದ್ದಪ್ಪ ಸಾಹೇಬರು, ಅವರ ಹಿಂದೆ ಉಳಿದವರು, ಎಲ್ಲರೂ ಸೇವಾ ಜ್ಯೇಷ್ಠತೆಯ ಪ್ರಕಾರ. ಆನೆ ನಡೆದದ್ದೇ ದಾರಿ ಎಂಬಂತೆ ಸಾಹೇಬರು ನಡುರಸ್ತೆ ಬಿಡಲಿಲ್ಲ, ಯಾರೂ ಅವರನ್ನು ದಾಟಲೂ ಇಲ್ಲ. ಎರಡನೇ ತಿರುವಿನಲ್ಲಿ ಅವರಿಗೆ ಫೋನ್ ಬಂತು, ನಿಂತರು. ಎಲ್ಲರೂ ನಿಂತರು. ಆ ಹೊತ್ತಿಗೆ ಮೇಯಲು ಬಂದಿದ್ದ ಎಮ್ಮೆಯೊಂದು ಅವರನ್ನೆಲ್ಲ ಹಿಂದೆ ಹಾಕಿ ಒಂದು ಸುತ್ತು ಮುಗಿಸಿತು. ಅದಕ್ಕೆ ದರ್ಜೆ ಇಲ್ಲದ ಕಾರಣ ಅದರ ಸಮಯವನ್ನು ದಾಖಲಿಸಲಿಲ್ಲ.

ಸಂದೀಪ ತಲೆ ಮೇಲೆ ಕೈ ಹೊತ್ತು ಬಂದ. "ಸಾಹೇಬ್ರ, ಗುಂಪು ಮಾಡೂದು ಓಡ್ಸೂ ಶಾಣ್ಯಾತನದ ಮ್ಯಾಲ್ರಿ, ಪಗಾರದ ಮ್ಯಾಲ ಅಲ್ಲ," ಅಂದ.

"ಶಾಣ್ಯಾ ಇರಲಿಕ್ಕಂದ್ರ ಎ ಗ್ರೂಪಿಗೆ ಹೆಂಗ ಬರತಿದ್ವಿ?" ಎಂದು ಸಾಹೇಬರು ಕೇಳಿದರು. ಯಾರೂ ಬಿದ್ದಿಲ್ಲ, ಯಾರಿಗೂ ತರಚಿಲ್ಲ, ಇದಕ್ಕಿಂತ ಸುರಕ್ಷತೆ ಎಲ್ಲಿದೆ ಎಂದು ಉಳಿದ ಅಧಿಕಾರಿಗಳೂ ಕೇಳಿದರು. ಅದೂ ನಿಜವೇ ಆಗಿತ್ತು.

ಊಟದ ಹೊತ್ತಿನಲ್ಲಿ ಎಲ್ಲರೂ ಪೆಂಡಾಲಿನ ಕೆಳಗೆ ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತಿದ್ದಾಗ ಶೀತಲ ಬಾವುಟ ಸುತ್ತಿಕೊಂಡು ಬಂದು ಸಾಹೇಬರ ಮುಂದೆ ನಿಂತಳು.

"ಸರ್ರ, ಆಫೀಸಿನ ಜೀಪ ನೀವ ಹೊಡಿತೀರೇನ್ರಿ?"

"ನಾ ಯಾಕ ಹೊಡೀಲಿ? ಡ್ರೈವರ್ ದುಂಡಪ್ಪ ಅದಾನಲ್ಲ."

"ಮತ್ತ ಇಲ್ಲಿ ಸ್ಕೂಟಿ ನೀವ ಹೊಡಕೋತ ಹೊಂಟೀರಲ್ರಿ. ಮಂದಿ ಏನ ಅಂದಾರು? ಸಾಹೇಬ್ರು ಗಾಡಿ ಮ್ಯಾಲ ಇರಬೇಕಂತ ನಿಯಮದಾಗ ಐತ್ರಿ. ಮುಂದ ಕುಂದ್ರಬೇಕಂತ ಎಲ್ಲೈತ್ರಿ?"

ಸಾಹೇಬರ ತುತ್ತು ಅರ್ಧಕ್ಕೇ ನಿಂತಿತು. ಅವರು ನನ್ನ ಕಡೆ ನೋಡಿದರು. ನಾನು ನಿಯಮವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡೆ. ಆಸೀನರಾಗಿರತಕ್ಕದ್ದು ಎಂದಿತ್ತು, ಹಿಂದೋ ಮುಂದೋ ಎಂದಿರಲಿಲ್ಲ. ಹುಡುಗಿಯ ಮಾತು ನಿಯಮಬದ್ಧವಾಗಿದೆ ಎಂದು ಎದ್ದು ನಿಂತು ವರದಿ ಮಾಡಿದೆ. ಇಷ್ಟು ಹೊತ್ತು ಗ್ರೂಪ್ ಎ ಅಧಿಕಾರಿಯೊಬ್ಬರು ತಮ್ಮ ಕೈಯಾರೆ ಹ್ಯಾಂಡಲ್ ಹಿಡಿದದ್ದು ಪದವಿಗೆ ಎಷ್ಟು ಕುಂದು ಎಂಬುದು ಆಗಲೇ ಎಲ್ಲರಿಗೂ ಹೊಳೆದದ್ದು.

ಸಂದೀಪ ತನ್ನ ದೊಡ್ಡ ಬೈಕ್, ಕೋಟು, ಗ್ಲೌಸು ಶೀತಲಳಿಗೆ ಕೊಟ್ಟ, ಅವಳು ಮುಂದೆ ಕೂತಳು. ಸಾಹೇಬರಿಗೆ ಚರ್ಮದ ಕೋಟು ತೊಡಿಸಿ ಹಿಂದೆ ಕೂರಿಸಲಾಯಿತು. ನಿಧಾನವಾಗಿ ಹೊಡಿ ಎಂದು ಅವರು ಹೇಳಲು ಸುರು ಮಾಡಿದ್ದು ನಮಗೆ ಇಲ್ಲಿ ಕೇಳಿಸಿತು, ಮುಗಿಸಿದ್ದು ಬೀಗರ ಹೊಲದ ಹತ್ತಿರ. ಮೊದಲ ತಿರುವಿನಲ್ಲಿ ಅವರು ಆದೇಶ ಕೊಡುತ್ತಿದ್ದರೆಂದು ಅಲ್ಲಿದ್ದವರು ಹೇಳುತ್ತಾರೆ. ಎರಡನೆಯದರಲ್ಲಿ ವಿನಂತಿ ಮಾಡುತ್ತಿದ್ದರು. ಮೂರನೆಯದರಲ್ಲಿ ಎಲ್ಲಮ್ಮನನ್ನು ಕರೆದರು, ಅಲ್ಲಿಂದ ಮುಂದೆ ಯಾರನ್ನೂ ಕರೆಯಲಿಲ್ಲ. ಶೀತಲ ಮೊಣಕಾಲು ನೆಲಕ್ಕೆ ತಾಗುವಷ್ಟು ಬಾಗಿ, ಊಟ ಮುಗಿಸಿ ಮತ್ತೆ ಟ್ರ್ಯಾಕಿಗೆ ಇಳಿದಿದ್ದ ಎ ಗುಂಪಿನ ಸಕಲ ಅಧಿಕಾರಿಗಳನ್ನೂ ಒಬ್ಬೊಬ್ಬರಾಗಿ ಹಿಂದೆ ಹಾಕಿದಳು. ಅವಳ ಬೆನ್ನಿಗಿದ್ದವರು ಎಲ್ಲರಿಗಿಂತ ಹಿರಿಯರಾದ್ದರಿಂದ ನಿಯಮೋಲ್ಲಂಘನೆ ಆಗಲಿಲ್ಲ. ನಾನು ಗುಮಾಸ್ತ ಎಂಬುದನ್ನು ಮರೆತು ಸಿಳ್ಳು ಹೊಡೆದೆ.

ಬೈಕ್ ಬಂದು ನಿಂತಿತು. ಸಾಹೇಬರು ಶೀತಲಳ ಕೋಟು ಬಿಡಲಿಲ್ಲ. ಇಬ್ಬರು ಸಿಪಾಯಿಗಳು ಬೆರಳು ಬಿಡಿಸಿದರು. ಮೇಲಿನವರಿಗೆ ಏನೆಂದು ವರದಿ ಬರೆಯಲಿ ಎಂದು ನಾನು ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಅವರು ಕಣ್ಣು ಬಿಟ್ಟರು.

"ಇನ್ನೊಂದ ಸುತ್ತ ಹಾಕ್ತಿ ಏನವಾ?" ಅಂದರು.

ಆ ಸುತ್ತು ಮೊದಲಿನದಕ್ಕಿಂತ ಚುರುಕಾಗಿತ್ತು. ಅಷ್ಟು ವೇಗವನ್ನು ತಾನೂ ಆ ಟ್ರ್ಯಾಕಿನಲ್ಲಿ ಮುಟ್ಟಿಲ್ಲ ಎಂದು ಸಂದೀಪ ಒಪ್ಪಿಕೊಂಡ. ತರಬೇತಿಯ ಸೀಟು ಯಾರಿಗೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ, ನಮಗೂ ಇರಲಿಲ್ಲ. ಎ ಗುಂಪಿನಲ್ಲಿ ಓಡಿದವರು ಸುಭಾಸ ಸಾಹೇಬರು. ಸಂಜೆ ಧ್ವನಿವರ್ಧಕದಲ್ಲಿ ಅವರ ಹೆಸರನ್ನೇ ಕೂಗಲಾಯಿತು. ವಯೋಮಿತಿಯನ್ನು ಸೇವಾ ಹಿರಿತನದ ಆಧಾರದ ಮೇಲೆ ಸಡಿಲಿಸಲು ಮಂಡಳಿಯು ಅಲ್ಲೇ ಠರಾವು ಮಾಡಿತು.

ಶೀತಲ ಗ್ಲೌಸು ಬಿಚ್ಚಿ ಸಂದೀಪನ ಕೈಗೆ ಕೊಟ್ಟು, ತನ್ನ ಬಾವುಟ ಹುಡುಕಲು ಹೋದಳು. ನಾನು ಬರೆದ ನಿಯಮ ಅದು, ಒಂದು ಶಬ್ದವನ್ನೂ ತಿದ್ದುವಂತಿರಲಿಲ್ಲ.

ಅಷ್ಟರಲ್ಲಿ ಸಾಹೇಬರು ಮೈಕ್ ಇಸಿದುಕೊಂಡರು. "ಕೊಯಮತ್ತೂರಿಗೆ ನಾ ಒಬ್ಬನ ಹೋಗಿ ಏನ ಮಾಡ್ಲಿ? ನಾ ಕುಂದ್ರಾವ. ಹೊಡಿಯಾಕಿ ಆಕಿ. ಡ್ರೈವರ್ ಇಲ್ಲದ ನಾ ಎಲ್ಲಿಗೂ ಹೋಗೂದಿಲ್ಲ," ಅಂದರು. ಗ್ರೂಪ್ ಎ ಅಧಿಕಾರಿಯನ್ನು ಚಾಲಕರಿಲ್ಲದೆ ನಿಯೋಜನೆ ಮೇಲೆ ಕಳಿಸುವುದು ಎಲ್ಲಿಯೂ ಇಲ್ಲ. ಆ ಆದೇಶವನ್ನು ನಾನು ಪೆಂಡಾಲಿನಲ್ಲೇ ಕುಳಿತು ಬರೆದೆ, ಅಷ್ಟು ಚಂದದ ಅಕ್ಷರ ನನ್ನ ಕೈಯಿಂದ ಮತ್ತೆ ಬಂದಿಲ್ಲ. ಕೊಯಮತ್ತೂರಿನವರು ಒಂದು ವಾರ ಯೋಚನೆ ಮಾಡಿ, ತರಬೇತಿ ಪಡೆಯುವವರು ಹಿಂದೆ ಕೂರುವುದಕ್ಕೆ ತಮ್ಮ ಅಭ್ಯಂತರವಿಲ್ಲ, ಹೆಲ್ಮೆಟ್ ಇರಬೇಕು ಎಂದು ತಿಳಿಸಿದರು.

ಇಬ್ಬರೂ ಹೋಗಿ ಕಲಿತು ಬಂದರು. ಈಗ ಶೀತಲ ದಕ್ಷಿಣ ಭಾರತದ ರೇಸುಗಳಲ್ಲಿ ಓಡಿಸುತ್ತಾಳೆ, ಸಾಹೇಬರು ಹಿಂದೆ ಕೂರುತ್ತಾರೆ. ಕಪ್ಪನ್ನು ಸಾಹೇಬರು ಎತ್ತಿ ಹಿಡಿಯುತ್ತಾರೆ, ಆಮೇಲೆ ಅದನ್ನು ಹೊತ್ತುಕೊಂಡು ಸುರೇಬಾನಕ್ಕೆ ಹೋಗುವವಳು ಅವಳು. ನಮ್ಮ ನಾಲ್ಕು ತಾಲೂಕುಗಳಲ್ಲೂ ಇದೇ ಪದ್ಧತಿ ಬಿದ್ದಿದೆ. ರಾಮದುರ್ಗದ ಹುಡುಗರು ಡಿ ಗುಂಪು ಬಿಟ್ಟು ಒಬ್ಬೊಬ್ಬ ಅಧಿಕಾರಿಯನ್ನು ಹಿಡಿದುಕೊಂಡಿದ್ದಾರೆ. ಮೊದಲು ತೂಕದ ಮನುಷ್ಯ ಎಂದರೆ ನಮ್ಮಲ್ಲಿ ಗೌರವದ ಮಾತಾಗಿತ್ತು. ಈಗ ಹುಡುಗರು ಅಂಥವರನ್ನು ಕಂಡರೆ ರಸ್ತೆ ದಾಟಿ ಆ ಕಡೆ ಹೋಗುತ್ತಾರೆ. ತೆಳ್ಳಗಿರುವ ಅಮೋಘಸಿದ್ದಪ್ಪ ಸಾಹೇಬರಿಗಾಗಿ ಮಾತ್ರ ಹುಡುಗರಲ್ಲಿ ಜಗಳ ನಡೆದಿದೆ.

ಮೊನ್ನೆ ಮಧ್ಯಾಹ್ನ ಸಾಹೇಬರ ಮನೆಯಿಂದ ಹೋಳಿಗೆ ಬಂದಿತ್ತು. ಒಂದು ತಿಂದು ಎರಡನೆಯದಕ್ಕೆ ಕೈ ಹಾಕಿದರು. ಟಪಾಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಶೀತಲ, "ಅದನ್ನ ಇಡ್ರಿ ಸರ್ರ, ತಿರುವಿನ್ಯಾಗ ಗಾಡಿ ಎಳೀತೈತಿ," ಅಂದಳು.

"ಅರ್ಧಾನರೆ?"

"ಬ್ಯಾಡ್ರಿ."

ಮಂತ್ರಿಗಳ ಫೋನನ್ನೇ ಎತ್ತದ ನಮ್ಮ ಸಾಹೇಬರು ಹೋಳಿಗೆಯನ್ನು ಡಬ್ಬಿಗೆ ಇಟ್ಟು ಮುಚ್ಚಳ ಹಾಕಿದರು. ಕಚೇರಿಯಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ಅವಳು ಟಪಾಲನ್ನು ಮೇಜಿನ ಮೇಲಿಟ್ಟು ಇಲ್ಲಿ ಸಹಿ ಮಾಡ್ರಿ ಅಂದಳು, ಅವರು ಓದದೆಯೇ ಮಾಡಿದರು.