ಸಿಕ್ಕವನು ಅವನಲ್ಲ

ಪೊಲೀಸರು ಹಿಡಿದವನೇ ಕೊಲೆಗಾರ ಎಂದು ಸುಮ್ಮನೆ ಒಪ್ಪಿಕೊಂಡುಬಿಡುವುದು ನನ್ನ ಜಾಯಮಾನಕ್ಕೆ ಒಗ್ಗದ ಮಾತು. ಅಷ್ಟು ಸುಲಭವಾಗಿ ಮುಗಿಯುವುದಾದರೆ ಪತ್ರಿಕೆ ಓದುವ ಸುಖವಾದರೂ ಏನು? ಚಿಕ್ಕವನಿದ್ದಾಗ ಬೆಕ್ಕು ಹಾಲು ಕುಡಿದು ಹೋದರೆ, ಬೆಕ್ಕನ್ನು ಕಳಿಸಿದವರು ಯಾರು ಎಂದು ಕೇಳಿದ್ದೆನಂತೆ. ಅವ್ವ ಕೊಟ್ಟ ಉತ್ತರ ನನ್ನ ಬೆನ್ನಿಗೆ ಗೊತ್ತು. ಆದರೂ ಬುದ್ಧಿ ಬರಲಿಲ್ಲ.

ರಬಕವಿಯಲ್ಲಿ ಹೊಸದಾಗಿ ಶಾಲಾ ಮಾಸ್ತರನಾಗಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಆಗ ದೂರದ ಮಹಾನಗರವೊಂದರಲ್ಲಿ ಸಾಲುಸಾಲಾಗಿ ಕೊಲೆ ಮಾಡಿದವನೊಬ್ಬ ಸಿಕ್ಕಿಬಿದ್ದಿದ್ದ. ತಪ್ಪನ್ನೂ ಒಪ್ಪಿಕೊಂಡಿದ್ದ. ಅಷ್ಟು ಬೇಗ ಒಪ್ಪಿಕೊಂಡದ್ದೇ ನನಗೆ ಗುಮಾನಿ. ಮಲ್ಲಪ್ಪನ ಚಹಾದಂಗಡಿಯಲ್ಲಿ, ಮಗ್ಗ ನಿಲ್ಲಿಸಿ ಬಂದ ನೇಕಾರರೆದುರು, ದಿನಾ ಸಂಜೆ ನನ್ನ ಸಿದ್ಧಾಂತ ಬಿಚ್ಚುತ್ತಿದ್ದೆ. ಸಿಕ್ಕವನು ಬರೀ ಬೊಂಬೆ. ನಿಜವಾದ ಕೊಲೆಗಾರ ಓದಿದವನು, ಮೆಲ್ಲಗೆ ಮಾತಾಡುವವನು, ಬೀಡಿ ಎಲೆಅಡಿಕೆ ಮುಟ್ಟದವನು, ಒಂಟಿ ಕೋಣೆಯ ಬ್ರಹ್ಮಚಾರಿ. ಈಗ ಯಾವುದೋ ಸಣ್ಣ ಊರು ಸೇರಿ ಸಾಧುವಿನಂತೆ ಇದ್ದಾನೆ. ಕೇಳುವವರು ಚಹಾ ಆರಿದ್ದನ್ನೂ ಮರೆಯುತ್ತಿದ್ದರು. ತರಗತಿಯಲ್ಲಿ ಅಂಥ ಗಮನ ನನಗೆಂದೂ ಸಿಕ್ಕಿರಲಿಲ್ಲ.

ಅದೇ ದಿನಗಳಲ್ಲಿ ಮುಧೋಳದ ಹುಡುಗಿಯೊಬ್ಬಳನ್ನು ನೋಡಿ ಬಂದಿದ್ದೆ. ಮನಸ್ಸನ್ನು ಅಲ್ಲೇ ಬಿಟ್ಟು ಬಂದಿದ್ದೆ ಎಂದರೂ ಸರಿಯೇ. ಹುಡುಗಿಯ ತಂದೆ ಮತ್ತು ಸೋದರಮಾವ ವರನ ಗುಣ ವಿಚಾರಿಸಲು ರಬಕವಿಗೆ ಬಂದರು. ಎಲ್ಲರೂ ಮಾಡುವಂತೆ ಮೊದಲು ಚಹಾದಂಗಡಿಗೇ ಹೋದರು. ಸುದ್ದಿ ತಿಳಿದು ನಾನು ಓಡಿದೆ. ಬಾಗಿಲಲ್ಲಿರುವಾಗಲೇ ಮಲ್ಲಪ್ಪನ ದನಿ ಕೇಳಿಸಿತು.

"ಮಾಸ್ತರು ಭಾಳ ಛಲೋ ಮನಶ್ಯಾರ್ರೀ. ಓದಿದವ್ರು. ದನಿ ಏರಿಸಿ ಮಾತಾಡಂಗಿಲ್ಲ. ಬೀಡಿ ಇಲ್ಲ, ಎಲಿ ಅಡಿಕಿ ಇಲ್ಲ. ಒಂದ ಖೋಲ್ಯಾಗ ಒಬ್ಬರ..."

ಮಾತು ಅಲ್ಲಿಗೇ ನಿಂತಿತು. ನೇಕಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಲೆಯ ಮುದುಕನೊಬ್ಬ, "ಈ ಮಾಸ್ತರ ನಮ್ಮೂರಿಗೆ ಬಂದದ್ದು ಯಾವಾಗ?" ಎಂದು ಮೆಲ್ಲಗೆ ಕೇಳಿದ. ಏನು ವಿಷಯವೆಂದು ಹುಡುಗಿಯ ತಂದೆ ಒತ್ತಾಯಿಸಿದರು. ಮಲ್ಲಪ್ಪನಿಗೆ ಸುಳ್ಳು ಬಾರದು. ನನ್ನ ಸಿದ್ಧಾಂತವನ್ನು ಒಂದಕ್ಷರ ಬಿಡದೆ ಒಪ್ಪಿಸಿಬಿಟ್ಟ. ನಾನು ಒಳಗೆ ಕಾಲಿಟ್ಟಾಗ ತಂದೆ ಬೆಂಚಿನ ಆ ತುದಿಗೆ ಸರಿದು ಕುಳಿತರು. ಸಿದ್ಧಾಂತ ಉಳಿಸಲೋ, ಹುಡುಗಿಯನ್ನು ಉಳಿಸಿಕೊಳ್ಳಲೋ?

"ಅದೆಲ್ಲಾ ಸುಳ್ಳರೀ," ಎಂದೆ. "ಪೊಲೀಸರು ಹಿಡದಂವನ ಖರೇ ಕೊಲೆಗಾರ. ನಾ ಸುಮ್ನ ಚ್ಯಾಷ್ಟಿಗೆ ಹೇಳಿದ್ದೆ."

ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆದರಬ್ಯಾಡ್ರಿ ಭಾವಾ. ಇಷ್ಟ ಬಾಯಿ ಇದ್ದಂವ ಒಂದ ಕೊಲಿ ಮಾಡಿದ್ರೂ ಸಂಜೀಕ ಇಲ್ಲೇ ಬಂದು ಹೇಳತಿದ್ದ!"

ತಂದೆಯೂ ನಕ್ಕರು. ಸಂಬಂಧ ಕುದುರಿತು. ನನ್ನ ಹಿಗ್ಗು ಹೇಳತೀರದು. ಮರುದಿನ ಅಂಗಡಿಗೆ ಹೋದರೆ ಯಾರೂ ನಗಲಿಲ್ಲ. ಮಲ್ಲಪ್ಪ ಚಹಾ ಇಡುತ್ತ ಕಿವಿಯ ಹತ್ತಿರ ಬಗ್ಗಿದ.

"ಮಾಸ್ತರ್ರ, ಖರೇ ಹೇಳ್ರಿ. ನಿಮ್ಮ ಬಾಯಿ ಮುಚ್ಚಿಸಿದವ್ರು ಯಾರ್ರೀ? ನಿನ್ನೆ ಬಂದ ಆ ಮುಧೋಳದವ್ರ ಏನು?"

ಅವರು ನನ್ನ ಮಾವನಾಗುವವರು, ಊರಲ್ಲಿ ಕಿರಾಣಿ ಅಂಗಡಿ ಇಟ್ಟವರು ಎಂದು ಬಗೆಬಗೆಯಾಗಿ ಹೇಳಿದೆ. ನಾನು ಇಲ್ಲವೆಂದಷ್ಟೂ ಅಂಗಡಿಯಲ್ಲಿದ್ದವರ ನಂಬಿಕೆ ಗಟ್ಟಿಯಾಯಿತು. ನನ್ನ ಬಾಯಿ ಮುಚ್ಚಿಸಿದ್ದು ಮಾವನವರೇ ಎಂಬುದಕ್ಕೆ ಒಬ್ಬರಾದ ಮೇಲೊಬ್ಬರು ಕಾರಣ ಜೋಡಿಸಿದರು. ಅದೆಷ್ಟು ಚೆನ್ನಾಗಿ ಜೋಡಿಸಿದರೆಂದರೆ, ಮದುವೆಯ ದಿನ ತಲೆಯ ಮೇಲೆ ಅಕ್ಕಿಕಾಳು ಹಾಕುತ್ತಿದ್ದ ಮಾವನವರ ಮುಖವನ್ನು ನಾನೇ ಒಮ್ಮೆ ಗುಮಾನಿಯಿಂದ ನೋಡಿದೆ.